ಗಟಾರ ವೀಕ್ಷಣಾ ಮಹಾಮಂಡಳಿ

ಮುಂಬಯಿಯ ಮಾಟುಂಗದಲ್ಲಿ, ಕಿಂಗ್ಸ್ ಸರ್ಕಲ್ಲಿಗೆ ಕೂಗಳತೆಯ ದೂರದಲ್ಲಿರುವ ನಮ್ಮ ಮೂರು ಕಟ್ಟಡಗಳಿಗೆ ಸೇರಿ ಒಂದೇ ಗಟಾರವಿದೆ. ಮಳೆಗಾಲ ಕಾಲಿಟ್ಟಿತೆಂದರೆ ಅದು ತುಂಬುತ್ತದೆ, ತುಂಬಿ ಹೊರಗೆ ಬರುತ್ತದೆ, ಬಂದದ್ದು ಮೊದಲು ವಾಚ್‌ಮನ್ನನ ಸ್ಟವ್ವನ್ನೂ ಆಮೇಲೆ ನಮ್ಮ ಲಿಫ್ಟಿನ ಗುಂಡಿಯನ್ನೂ ವಿಚಾರಿಸಿಕೊಳ್ಳುತ್ತದೆ. ನಾಲಾ ಸಫಾಯಿ ಮಾಡಿಸಿಕೊಡಿರೆಂದು ಅರ್ಜಿ ಹಿಡಿದು ಮೂರು ಬೇಸಿಗೆ ಕಚೇರಿಯೊಂದಕ್ಕೆ ಅಲೆದವನು ನಾನೇ. ಮೊದಲ ವರ್ಷ ಆ ಗಟಾರ ನಮ್ಮ ವ್ಯಾಪ್ತಿಯದಲ್ಲವೆಂದರು. ಎರಡನೆಯ ವರ್ಷ ಗಟಾರ ನಮ್ಮದೇ, ಆದರೆ ಅದರ ಮುಚ್ಚಳ ಬೇರೆ ಇಲಾಖೆಯದು ಎಂದರು. ಮೂರನೆಯ ವರ್ಷ, ದಾಖಲೆಯ ಪ್ರಕಾರ ಹೂಳೆತ್ತುವ ಕೆಲಸ ಆಗಲೇ ಮುಗಿದಿದೆಯೆಂದು ಫೋಟೊ ಸಮೇತ ತೋರಿಸಿದರು. ಫೋಟೊದಲ್ಲಿದ್ದ ಗಟಾರ ನಿಜಕ್ಕೂ ಚೆನ್ನಾಗಿತ್ತು, ಅದರ ದಂಡೆಯಲ್ಲೊಂದು ತೆಂಗಿನಮರವೂ ಇತ್ತು. ನಮ್ಮ ಗಲ್ಲಿಯಲ್ಲಿ ತೆಂಗಿನಮರವಿಲ್ಲ.

ಮೇ ತಿಂಗಳಲ್ಲಿ ಮೂರೂ ಸೊಸೈಟಿಗಳ ಜಂಟಿ ಸಭೆ ಸೇರಿತು. ಖಾಸಗಿ ಗುತ್ತಿಗೆದಾರನೊಬ್ಬ ಹೂಳೆತ್ತಲು ಹದಿನೆಂಟು ಸಾವಿರ ಕೇಳಿದ್ದ. ಅದನ್ನು ಮೂರು ಪಾಲು ಮಾಡುವುದೋ, ಫ್ಲ್ಯಾಟುಗಳ ಲೆಕ್ಕದಲ್ಲಿ ಹಂಚುವುದೋ ಎಂಬ ಚರ್ಚೆ ಒಂದೂವರೆ ಗಂಟೆ ನಡೆದು, ಕೊನೆಗೆ ಯಾರ ಮನೆಯ ಎಣ್ಣೆಜಿಡ್ಡು ಜಾಸ್ತಿ ಎಂಬಲ್ಲಿಗೆ ಬಂದು ನಿಂತಿತು. ಆಗ ಹವಾಮಾನದ ಕೆಲಸದಲ್ಲಿದ್ದು ನಿವೃತ್ತರಾದ ಮೂರನೆಯ ಮಹಡಿಯ ರಾಯರು, ಒಂದು ಗಟಾರದ ವಿಷಯದಲ್ಲಿ ಮೂರು ಕಟ್ಟಡಗಳು ಒಟ್ಟಾಗಲಾರದ ನಮ್ಮ ಯೋಗ್ಯತೆಗೆ ನೊಂದು, ನೂರಕ್ಕೂ ಮಿಕ್ಕಿದ ಸರ್ಕಾರಗಳು ಒಂದೇ ಭೂಮಿಯ ವಿಷಯದಲ್ಲಿ ಒಟ್ಟಾಗಿರುವ ಕಥೆಯನ್ನು ಹೇಳಿದರು. 2005ರ ಫೆಬ್ರವರಿಯಲ್ಲಿ ಬ್ರಸೆಲ್ಸಿನಲ್ಲಿ ದೇಶಗಳು ಕಲೆತು ಭೂಮಿಯನ್ನು ಒಟ್ಟಾಗಿ ವೀಕ್ಷಿಸುವ ಹತ್ತು ವರ್ಷಗಳ ಯೋಜನೆಗೆ ಒಪ್ಪಿದ್ದನ್ನೂ, ಜಿನೀವಾದಲ್ಲಿ ಕಚೇರಿಯುಳ್ಳ ಅವರ ಭೂವೀಕ್ಷಣಾ ಗುಂಪು ಉಪಗ್ರಹ, ಸಮುದ್ರದ ತೇಲುಮಾಪಕ, ಮಳೆಮಾಪಕಗಳ ದತ್ತಾಂಶವನ್ನೆಲ್ಲ ಒಂದೆಡೆ ಜೋಡಿಸಿ ಸರ್ವರಿಗೂ ಮುಕ್ತವಾಗಿ ಸಿಗಬೇಕೆಂದು ದುಡಿಯುತ್ತಿರುವುದನ್ನೂ, ವಿಪತ್ತು, ಆರೋಗ್ಯ, ನೀರು, ಕೃಷಿ ಎಂದು ಒಂಬತ್ತು ಲೋಕೋಪಯೋಗಿ ಕ್ಷೇತ್ರಗಳನ್ನು ಅವರು ಗುರುತಿಸಿದ್ದನ್ನೂ ಬಿಡಿಸಿ ಹೇಳಿದರು.

ಚೇರ್ಮನ್ ಶೆಟ್ಟರು ಬಹಳ ಗಮನವಿಟ್ಟು ಕೇಳಿದರು. "ಅಂದರೆ ರಾಯರೇ, ಇವರು ನೋಡುತ್ತಾರೆ ಅಷ್ಟೇ? ಎತ್ತುವುದಿಲ್ಲ?"

"ನೋಡಿ ತಿಳಿಸುತ್ತಾರೆ. ಎತ್ತುವುದು ಆಯಾ ದೇಶದ ಕೆಲಸ ಅಲ್ಲವೇ?"

"ಹಾಗಾದರೆ ನಮಗೂ ಅದೇ ಆದೀತು ಮಾರಾಯ್ರೇ. ನೋಡಲಿಕ್ಕೆ ಖರ್ಚಿಲ್ಲ."

ಸಭೆಯಲ್ಲಿ ಅಷ್ಟು ಹೊತ್ತಿನಿಂದ ಕಾಣದಿದ್ದ ಒಮ್ಮತ ಒಂದು ನಿಮಿಷದಲ್ಲಿ ಮೂಡಿತು. ಗಟಾರವನ್ನು ಶುಚಿಮಾಡುವ ಪ್ರಸ್ತಾವವನ್ನು ಕೈಬಿಟ್ಟು, ಅದನ್ನು ವೈಜ್ಞಾನಿಕವಾಗಿ ವೀಕ್ಷಿಸಲು ತ್ರಿಪಕ್ಷೀಯ ಮಂಡಳಿಯೊಂದನ್ನು ರಚಿಸುವುದೆಂದು ಠರಾವಾಯಿತು. ವಾಟ್ಸಾಪ್ ಗುಂಪು ಅಲ್ಲಿಯೇ ಹುಟ್ಟಿತು. ಒಂಬತ್ತು ಕ್ಷೇತ್ರಗಳನ್ನೂ ಗುರುತಿಸಲಾಯಿತು: ಲಿಫ್ಟು, ಸ್ಕೂಟರು, ಹಾಲಿನವನು, ಸೊಳ್ಳೆ ಇತ್ಯಾದಿ. ಎಂಟಕ್ಕೇ ನಿಂತಾಗ ಕಾರ್ಯದರ್ಶಿಯವರು 'ಸಂಸ್ಕೃತಿ' ಎಂದು ಸೇರಿಸಿ ಒಂಬತ್ತು ಮಾಡಿದರು.

ನಾನು ಸಿನಿಕನಂತೆ ಬರೆಯುತ್ತಿದ್ದೇನೆಂದು ಓದುಗರಿಗೆ ಅನ್ನಿಸಬಾರದು. ಅಳತೆಯಿಲ್ಲದೆ ಏನಾಗುತ್ತದೆಂಬುದನ್ನು ಮುಂಬಯಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ರಸೆಲ್ಸಿನಲ್ಲಿ ಒಪ್ಪಿಗೆಯಾಗಿ ಐದು ತಿಂಗಳಿಗೆ, 2005ರ ಜುಲೈ 26ರಂದು, ಉಪನಗರ ಸಾಂತಾಕ್ರೂಜ್‌ನ ಮಾಪಕದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಿತ್ತು, ಅದೇ ಊರಿನ ಕೊಲಾಬಾ ಮಾಪಕದಲ್ಲಿ 74ರ ಆಸುಪಾಸು. ಕೊಲಾಬಾದಲ್ಲಿ ಕುಳಿತವನು ಕೊಡೆ ಮಡಿಸಿ ಚಹಾ ಕುಡಿಯುತ್ತಿದ್ದಾಗ ಉಪನಗರದವರು ಎದೆಮಟ್ಟದ ನೀರಿನಲ್ಲಿ ಹಳಿಯ ಮೇಲೆ ನಡೆದು ಮನೆ ಸೇರುತ್ತಿದ್ದರು. ಆ ಬಳಿಕ ಊರ ತುಂಬ ಸ್ವಯಂಚಾಲಿತ ಮಾಪಕಗಳು ಬಂದವು, ಯಾವ ವಾರ್ಡಿನಲ್ಲಿ ಎಷ್ಟು ನೀರು ನಿಂತೀತೆಂದು ಮುಂಚಿತವಾಗಿ ತಿಳಿಸುವ 'ಐಫ್ಲೋಸ್' ಎಂಬ ವ್ಯವಸ್ಥೆಯನ್ನು ಕೇಂದ್ರದ ಭೂವಿಜ್ಞಾನ ಸಚಿವಾಲಯವೂ ಮುಂಬಯಿ ಮಹಾನಗರಪಾಲಿಕೆಯೂ ಸೇರಿ 2020ರ ಜೂನ್‌ನಲ್ಲಿ ಆರಂಭಿಸಿದವು. ಹಾಗಾಗಿ ಈಗ ನಮಗೆ ನೀರು ಬರುವುದು ತಿಳಿದೇ ಬರುತ್ತದೆ. ಆದರೆ ಊರಿನ ಹಳೆಯ ಗಟಾರಗಳು ಬ್ರಿಟಿಷರು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಲೆಕ್ಕ ಹಾಕಿ ಕಟ್ಟಿದವು. ಅದನ್ನು 50ಕ್ಕೆ ಏರಿಸಬೇಕೆಂಬ ವರದಿ ಬಂದದ್ದು 1993ರಲ್ಲಿ. ಅವಕ್ಕೆ ವಾಟ್ಸಾಪ್ ಇಲ್ಲ.

ನಮ್ಮ ಮಂಡಳಿಯ ಉಪಕರಣದ ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗನ ಮೂವತ್ತು ಸೆಂಟಿಮೀಟರಿನ ಮರದ ಸ್ಕೇಲನ್ನು, ಒಂದು ಬದಿಯಲ್ಲಿ ಅವನು ಕೊರೆದಿದ್ದ ಕ್ರಿಕೆಟ್ ತಂಡದ ಹೆಸರು ಹಾಗೆಯೇ ಇರುವಂತೆ, ಗಟಾರದ ಬಾಯಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಲಾಯಿತು. ಎರಡನೆಯ ಕಟ್ಟಡದವರು ದರ್ಜಿಯ ಟೇಪು ಅಂಟಿಸಿ ಇಂಚುಗಳಲ್ಲಿ ಓದತೊಡಗಿದರು. ಮೊದಲ ಸಣ್ಣ ಮಳೆಗೆ ನಮ್ಮಲ್ಲಿ ಹತ್ತು, ಅವರಲ್ಲಿ ನಾಲ್ಕು ಎಂದು ವರದಿಯಾದಾಗ, ಅವರ ನೀರನ್ನು ಅವರು ನಮ್ಮ ಕಡೆ ದೂಡುತ್ತಿದ್ದಾರೆಂದು ಜಗಳವಾಯಿತು. ಇಂಥ ಗೊಂದಲ ದೊಡ್ಡವರ ಮನೆಯಲ್ಲೂ ಉಂಟು ಎಂದು ರಾಯರು ಸಮಾಧಾನಪಡಿಸಿದರು. ಒಂದು ತಂಡ ಪೌಂಡಿನಲ್ಲಿಯೂ ಇನ್ನೊಂದು ನ್ಯೂಟನ್ನಿನಲ್ಲಿಯೂ ಲೆಕ್ಕ ಹಾಕಿದ್ದರಿಂದ 1999ರಲ್ಲಿ ನಾಸಾದ ಮಂಗಳ ನೌಕೆಯೊಂದು ಕೈತಪ್ಪಿ ಹೋಗಿತ್ತಂತೆ. ಅಂದಿನಿಂದ ನಮ್ಮ ಜಗಳಕ್ಕೆ ಒಂದು ಅಂತರರಾಷ್ಟ್ರೀಯ ಗೌರವ ಬಂತು.

ಮೂರನೆಯ ಕಟ್ಟಡದವರು ಅಳೆದರು, ಆದರೆ ಅಂಕಿ ಕೊಡಲಿಲ್ಲ. ಅಮೆರಿಕದವರು ಮೊದಲು ಹಣಕ್ಕೆ ಮಾರುತ್ತಿದ್ದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು 2008ರಲ್ಲಿ ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟರು, ಯುರೋಪಿನವರು ಸೆಂಟಿನೆಲ್ ಉಪಗ್ರಹಗಳದ್ದನ್ನೂ ಹಾಗೆಯೇ ಹಂಚುತ್ತಾರೆ, ದೊಡ್ಡ ವಿಪತ್ತು ಬಂದಾಗ ಉಪಗ್ರಹ ಚಿತ್ರಗಳನ್ನು ಉಚಿತವಾಗಿ ಒದಗಿಸುವ ಒಡಂಬಡಿಕೆಗೆ ನಮ್ಮ ಇಸ್ರೋ 2001ರಲ್ಲೇ ಸೇರಿದೆ, ನಿಮ್ಮ ಗಟಾರದ ನೀರಿನ ಮಟ್ಟ ಅದಕ್ಕಿಂತ ದೊಡ್ಡ ಗುಟ್ಟೇ ಎಂದು ರಾಯರು ಕೇಳಿದರು. ಅವರು ಭದ್ರತೆಯ ಕಾರಣ ಕೊಟ್ಟರು. ಆ ಕಟ್ಟಡದ ನೆಲಮಹಡಿಯ ಫ್ಲ್ಯಾಟೊಂದು ಮಾರಾಟಕ್ಕಿತ್ತೆಂದೂ, ಗಿರಾಕಿ ದಾದರಿನವನೆಂದೂ, ಒಣಗಿದ ದಿನಗಳಲ್ಲಿ ಮಾತ್ರ ಅವನನ್ನು ಕರೆಸುತ್ತಿದ್ದರೆಂದೂ ಆಮೇಲೆ ತಿಳಿಯಿತು.

ಇದರ ನಡುವೆ, 2025ರ ಜುಲೈ 30ರಂದು ನಾಸಾ ಮತ್ತು ಇಸ್ರೋ ಸೇರಿ ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಉಪಗ್ರಹದ ಸುದ್ದಿ ನಮ್ಮ ಗುಂಪಿನಲ್ಲಿ ದೊಡ್ಡ ಸಂಚಲನವುಂಟುಮಾಡಿತು. ಹನ್ನೆರಡು ಮೀಟರ್ ಅಗಲದ ಆಂಟೆನಾ ಬಿಚ್ಚಿಕೊಂಡು, ಮೋಡವಿದ್ದರೂ ಕತ್ತಲಿದ್ದರೂ ಬಿಡದೆ, ಹನ್ನೆರಡು ದಿನಗಳಲ್ಲಿ ಎರಡು ಸಲ ಭೂಮಿಯ ನೆಲವನ್ನೆಲ್ಲ ರಾಡಾರಿನಿಂದ ಸವರಿ, ನೆಲ ಒಂದು ಸೆಂಟಿಮೀಟರ್ ಕುಸಿದರೂ ಪತ್ತೆಹಚ್ಚುವ ಯಂತ್ರ ಅದು. ನಮ್ಮ ಗಲ್ಲಿಯ ಮೇಲೆ ಹನ್ನೆರಡು ದಿನಕ್ಕೆ ಎರಡು ಸಲ ಯಾರಾದರೂ ಹಾದುಹೋಗುವುದೆಂದರೆ ಅದು ಕಸದ ಲಾರಿಯ ನಿಯತ್ತಿಗಿಂತ ಎಷ್ಟೋ ಮೇಲು. ಗಟಾರದ ಪರಿಸ್ಥಿತಿ ಈಗ ಬಾಹ್ಯಾಕಾಶಕ್ಕೂ ಗೊತ್ತಾಗಿರುವುದರಿಂದ ನಾವು ಪ್ರತ್ಯೇಕವಾಗಿ ದೂರು ಕೊಡುವ ಅಗತ್ಯವಿಲ್ಲವೆಂದು ಶೆಟ್ಟರು ತೀರ್ಪಿತ್ತರು.

ದೊಡ್ಡ ಮಳೆ ಬಂದ ದಿನ ಸಮುದ್ರದಲ್ಲಿ ಭರತಿಯಿತ್ತು. ಮುನ್ಸೂಚನೆ ಹಿಂದಿನ ಸಂಜೆಯೇ ಬಂದಿತ್ತು, ಗುಂಪಿನಲ್ಲಿ ನಲವತ್ತು ಜನ ಅದಕ್ಕೆ ಕೈಮುಗಿದಿದ್ದರು. ಬೆಳಿಗ್ಗೆ ಎಂಟಕ್ಕೆ ನೀರು ಹದಿನಾಲ್ಕು, ಎಂಟೂವರೆಗೆ ಇಪ್ಪತ್ತಾರು, ಒಂಬತ್ತಕ್ಕೆ ಸ್ಕೇಲು ಮುಳುಗಿತು. ಅಲ್ಲಿಂದ ಮುಂದೆ ಪ್ರತಿ ಹದಿನೈದು ನಿಮಿಷಕ್ಕೂ "30" ಎಂದೇ ದಾಖಲಾಗತೊಡಗಿತು. ಏರುತ್ತಿದ್ದ ಗ್ರಾಫು ನೆಟ್ಟಗೆ ಮಲಗಿದ್ದನ್ನು ನೋಡಿ, ಪರಿಸ್ಥಿತಿ ಸ್ಥಿರವಾಗಿದೆ ಎಂದು ಕಾರ್ಯದರ್ಶಿಯವರು ಪ್ರಕಟಣೆ ಹೊರಡಿಸಿದರು. ನಾನು ನಗಲಿಲ್ಲ. ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕವೂ 500ಕ್ಕೆ ಮುಗಿಯುತ್ತದಲ್ಲ, ಅದರಾಚೆಯ ಹೊಗೆ ಶ್ವಾಸಕೋಶಕ್ಕೆ ಮಾತ್ರ ತಿಳಿಯುವಂಥದ್ದು. ಮೆಟ್ಟಿಲ ಮೇಲೆ ನಿಂತು ನಾವು ಹನ್ನೊಂದು ಜನ ನೋಡುತ್ತಿದ್ದೆವು. ವಾಚ್‌ಮನ್ನನ ಸ್ಟವ್ವು ತೇಲಲಿಲ್ಲ, ಆದರೆ ಅದರ ಮೇಲಿದ್ದ ಅಲ್ಯುಮಿನಿಯಂ ಪಾತ್ರೆ ಗೇಟಿನ ತನಕ ಹೋಗಿ ತಿರುಗಿ ಬಂತು.

ಹತ್ತೂವರೆಯ ಹೊತ್ತಿಗೆ, ಮೂಲೆಯ ಉಡುಪಿ ಹೋಟೆಲಿನ ಹುಡುಗನೊಬ್ಬ, ಕುಂದಾಪುರದ ಕಡೆಯವನು, ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಪ್ಯಾಂಟು ಮಡಚಿಕೊಂಡು ಶಟರ್ ಎಳೆಯುವ ಕೊಕ್ಕೆ ಹಿಡಿದು ನೀರಿಗಿಳಿದ. ಗಟಾರದ ಬಾಯಿ ಎಲ್ಲಿದೆಯೆಂದು ಕಾಲಿನಿಂದಲೇ ತಡಕಿ, ಕೊಕ್ಕೆ ಹಾಕಿ ಎರಡು ಸಲ ಜಗ್ಗಿದ. ಕಪ್ಪಗೆ ನೆಂದ ಮೂಟೆಯೊಂದು ಮೇಲೆ ಬಂತು. ಅದರ ತುಂಬ ಹಳೆಯ ಗಣಪತಿ ಮಂಟಪದ ಥರ್ಮಾಕೋಲ್, ಅಂದರೆ ರಾಜ್ಯದಲ್ಲಿ 2018ರಲ್ಲೇ ನಿಷೇಧವಾದದ್ದು. ಚಿನ್ನದ ಬಣ್ಣದ ಒಂದು ಕಂಬ ಇನ್ನೂ ಗಟ್ಟಿಯಾಗಿತ್ತು. ಗಟಾರ ಒಮ್ಮೆ ದೊಡ್ಡದಾಗಿ ತೇಗಿತು. ಇಪ್ಪತ್ತೈದು ನಿಮಿಷಗಳಲ್ಲಿ ಸ್ಕೇಲು ಪೂರ್ತಿ ಕಾಣಿಸಿಕೊಂಡಿತು, ಕ್ರಿಕೆಟ್ ತಂಡದ ಹೆಸರು ಸಮೇತ.

ಮುಂದಿನ ಭಾನುವಾರದ ಸಭೆಯಲ್ಲಿ ಕಾರ್ಯದರ್ಶಿಯವರು ಬೇಸರದಿಂದಿದ್ದರು. ನೀರು ತಾನಾಗಿಯೇ ಇಳಿಯಲು ಎಷ್ಟು ಹೊತ್ತು ಬೇಕಾಗುತ್ತದೆಂಬ ಅಮೂಲ್ಯ ಮಾಹಿತಿ ಆ ಹುಡುಗನ ಆತುರದಿಂದ ಕೈತಪ್ಪಿ, ದತ್ತಾಂಶದ ಸರಣಿ ತುಂಡಾಗಿತ್ತು. ಆ ದಿನದ ಅಂಕಿಗಳನ್ನು "ಅನಧಿಕೃತ ಹಸ್ತಕ್ಷೇಪ" ಎಂಬ ಷರಾದೊಂದಿಗೆ ವಾರ್ಷಿಕ ವರದಿಯಿಂದ ಕೈಬಿಡುವುದೆಂದೂ, ಹೋಟೆಲಿನವರಿಗೆ ಸೌಮ್ಯವಾದೊಂದು ಪತ್ರ ಬರೆಯುವುದೆಂದೂ, ಮುಂದಿನ ಸಾಲಿಗೆ ಅರವತ್ತು ಸೆಂಟಿಮೀಟರಿನ ಸ್ಕೇಲು ಕೊಳ್ಳುವುದೆಂದೂ ಸರ್ವಾನುಮತದಿಂದ ನಿರ್ಧಾರವಾಯಿತು. ಹುಡುಗ ಎಳೆದು ಹಾಕಿದ ಮೂಟೆ ಈಗಲೂ ಗಟಾರದ ಮುಚ್ಚಳದ ಮೇಲೆಯೇ ಇದೆ. ಮುಚ್ಚಳ ಬೇರೆ ಇಲಾಖೆಯದಾದ್ದರಿಂದ ನಾವು ಅದನ್ನು ಮುಟ್ಟಿಲ್ಲ, ನೋಡುತ್ತಿದ್ದೇವೆ, ದಿನಕ್ಕೆ ನಾಲ್ಕು ಸಲ.