ಹೋಗಿ, ಆದರೆ ಮನೆ ತೋಟ ಮಾರಿ ಹೋಗಬೇಡಿ

ನಿನ್ನೆ ಶಿವಮೊಗ್ಗದ ಗೋಪಾಳದಲ್ಲಿ ಒಂದು ಬೀಳ್ಕೊಡುಗೆ ಊಟ ಇತ್ತು. ನನ್ನ ಜೊತೆ ಪಾಠ ಮಾಡಿದ ಮೇಷ್ಟ್ರು ಮತ್ತು ಅವರ ಹೆಂಡತಿ ಮುಂದಿನ ತಿಂಗಳು ಅಮೆರಿಕಕ್ಕೆ ಹೊರಟಿದ್ದಾರೆ. ಮಗ ಅಲ್ಲಿಯ ಸಿಟಿಜನ್, ಇವರಿಬ್ಬರಿಗೂ ಗ್ರೀನ್ ಕಾರ್ಡಿನ, ಅಂದರೆ ಅಲ್ಲೇ ಕಾಯಂ ಆಗಿ ಇರುವ ವೀಸಾ ಬಂದಾಗಿದೆ. ಇನ್ನು ಅಲ್ಲೇ. ಸಂತೋಷದ ವಿಷಯ, ನಾನೂ ಸಂತೋಷವಾಗಿಯೇ ಹೋಗಿದ್ದೆ. ವಾಪಸ್ ಬರುವಾಗ ಮಾತ್ರ ಸಿಟ್ಟು ತಡೆಯೋಕೆ ಆಗಲಿಲ್ಲ. ಅದಕ್ಕೇ ಬರೀತಿದ್ದೇನೆ.

ಪಂಕ್ತಿಯ ಈ ತುದಿಯಿಂದ ಆ ತುದಿವರೆಗೆ ಒಂದೇ ಮಾತು. "ಇನ್ನು ಇಲ್ಲಿ ಯಾರಿದ್ದಾರೆ ನಿಮಗೆ? ಮನೆ, ತೋಟ ಎಲ್ಲ ಮಾರಿ ಆರಾಮಾಗಿ ಹೋಗಿ ಮಾರಾಯ್ರೆ." ಒಬ್ಬರಂತೂ ಪಾಯಸ ಮುಗಿಯುವ ಮೊದಲೇ, "ಪಾರ್ಟಿ ರೆಡಿ ಇದೆ, ಅಡ್ವಾನ್ಸ್ ಈ ವಾರವೇ ಕೊಡಿಸ್ತೇನೆ" ಅಂದರು. ಮೇಷ್ಟ್ರು ತಲೆ ಆಡಿಸುತ್ತಿದ್ದರು. ಅವರ ಹೆಂಡತಿ ಹುಳಿ ಪಾತ್ರೆ ಹಿಡಿದು ನಿಂತವರು ಒಂದು ಮಾತೂ ಆಡಲಿಲ್ಲ. ಆ ಮನೆಯ ಬಾವಿಕಟ್ಟೆಯಿಂದ ಹಿಡಿದು ಹಿತ್ತಲಿನ ಬಸಳೆ ಚಪ್ಪರದವರೆಗೆ ಕಟ್ಟಿ ಬೆಳೆಸಿದವರು ಆಕೆ. ಆಕೆಯನ್ನು ಯಾರಾದರೂ ಕೇಳಿದರಾ? ಇಲ್ಲ.

ನಮ್ಮ ಕಥೆ ನಿಮಗೆಲ್ಲ ಗೊತ್ತೇ ಇದೆ. ನಾನು ರಿಟೈರ್ ಆದ ಮೇಲೆ ನಾವಿಬ್ಬರೂ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ಮಗನ ಮನೆಯಲ್ಲಿ ಕೆಲವು ವರ್ಷ ಇದ್ದೆವು. ನಮಗೂ ಹೊರಡುವಾಗ ಇದೇ ಉಪದೇಶ ಸಿಕ್ಕಿತ್ತು. ನಮ್ಮನೆಯವರು ಮಾತ್ರ ಮಂಡಗದ್ದೆ ಕಡೆಯ ಅಡಿಕೆ ತೋಟವನ್ನೂ ಮಾರಲಿಲ್ಲ, ಇಲ್ಲಿನ ಮನೆಯನ್ನೂ ಮಾರಲಿಲ್ಲ. ಎಷ್ಟು ಜನ ಅವರನ್ನು ಹಟಮಾರಿ ಅಂದರು! ಅಲ್ಲಿ ನಮ್ಮನ್ನು ಕಾಪಾಡಿದ್ದು ಆ ಹಟವೇ. ಇದನ್ನು ಎಷ್ಟು ಸಲ ಬೇಕಾದರೂ ಹೇಳ್ತೇನೆ.

ಮೊದಲೇ ಒಂದು ಮಾತು. ನನ್ನ ಮಗ ಒಳ್ಳೆಯವನು. ಸೊಸೆ ಇನ್ನೂ ಒಳ್ಳೆಯವಳು. ನಮಗೆ ಮಹಡಿ ಹತ್ತೋಕೆ ಕಷ್ಟ ಅಂತ ಕೆಳಗಿನ ರೂಮನ್ನೇ ಬಿಟ್ಟುಕೊಟ್ಟರು. ಹಾಗಾಗಿ ದಯವಿಟ್ಟು "ಮಕ್ಕಳು ಸರಿಯಾಗಿ ನೋಡಿಕೊಂಡಿಲ್ಲ, ಅದಕ್ಕೆ ಈ ಮಾತು" ಅಂದುಕೊಳ್ಳಬೇಡಿ. ಮಕ್ಕಳು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಅದು ಅವರ ಮನೆ. ಯಾವ ತರಕಾರಿ ತರಬೇಕು, ಹೀಟರ್ ಎಷ್ಟಕ್ಕೆ ಇಡಬೇಕು, ಶನಿವಾರ ಎಲ್ಲಿಗೆ ಹೋಗಬೇಕು ಅನ್ನೋದೆಲ್ಲ ಅವರದೇ ತೀರ್ಮಾನ. ಅದು ತಪ್ಪಲ್ಲ, ಸಂಸಾರ ಅವರದು. ಆದರೆ ನಲವತ್ತು ವರ್ಷ ಬೆಳಗೆದ್ದು ಇವತ್ತು ಏನು ಮಾಡಬೇಕು ಅಂತ ತಾನೇ ನಿರ್ಧಾರ ಮಾಡಿದ ಮನುಷ್ಯನಿಗೆ, ಒಂದು ದಿನದಿಂದ ಇನ್ನೊಂದು ದಿನಕ್ಕೆ ಯಾರೂ ಏನೂ ಕೇಳದೆ ಹೋದರೆ ಹೇಗಾಗಬೇಡ? ಇದು ಬೀಳ್ಕೊಡುಗೆ ಊಟದಲ್ಲಿ ಯಾರ ತಲೆಗೂ ಹೋಗಲ್ಲ.

ಅಲ್ಲಿಯ ದಿನ ಹೇಗಿರುತ್ತೆ ಅಂತ ಹೇಳ್ತೇನೆ. ಬೆಳಗ್ಗೆ ಎಂಟೂವರೆಗೆ ಮಗ, ಸೊಸೆ, ಮೊಮ್ಮಗ ಮೂರು ದಿಕ್ಕಿಗೆ ಹೋದರೆ ಮನೆ ಖಾಲಿ. ಹೊರಗೆ ಬಂದರೆ ರಸ್ತೆ ಚೊಕ್ಕಟ, ಹುಲ್ಲು ಹಸಿರು, ಒಂದು ನರಪಿಳ್ಳೆ ಇಲ್ಲ. ಇಲ್ಲಿ ನಮ್ಮ ದುರ್ಗಿಗುಡಿಯಲ್ಲಿ ಹತ್ತು ಹೆಜ್ಜೆ ಹಾಕೋದರೊಳಗೆ ನಾಲ್ಕು ಜನ "ಎಂಥದ್ದು ಮೇಡಂ, ಈ ಕಡೆ?" ಅಂತಾರೆ. ಅಲ್ಲಿ ಅಂಗಡಿಗೆ ಕಾರು ಬೇಕು, ದೇವಸ್ಥಾನಕ್ಕೆ ಕಾರು ಬೇಕು, ಡಾಕ್ಟರ ಹತ್ತಿರಕ್ಕೂ ಕಾರು ಬೇಕು. ಅರವತ್ತು ದಾಟಿದ ಮೇಲೆ ರಸ್ತೆಯ ಬಲಗಡೆ ಕಾರು ಓಡಿಸೋಕೆ ಕಲಿಯುವ ಧೈರ್ಯ ಎಲ್ಲರಿಗೂ ಇರಲ್ಲ. ಡಿಸೆಂಬರಿನಲ್ಲಿ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಮುಳುಗಿಬಿಡ್ತಾನೆ. 2019ರ ಜನವರಿ ಕೊನೆಯಲ್ಲಿ ಶಿಕಾಗೋದಲ್ಲಿ ಮೈನಸ್ 30 ಡಿಗ್ರಿ ಆಗಿತ್ತು. ಅಷ್ಟು ಚಳಿಯಲ್ಲಿ ಬಾಗಿಲು ತೆಗೆಯೋದೂ ಬೇಡ ಅನ್ನಿಸುತ್ತೆ.

ಒಂದು ಮಧ್ಯಾಹ್ನ ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಯಾರೂ ಏನೂ ಅಂದಿರಲಿಲ್ಲ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಿತ್ತು, ಅದಕ್ಕೆ ಶನಿವಾರದವರೆಗೆ ಕಾಯಬೇಕಿತ್ತು, ಅಷ್ಟೇ. ಮಗನಿಗೆ ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದರೆ ಅವನಿಗೆ ಗೊತ್ತಾಗುತ್ತೆ. ಆಗಲಿ. ಮಗಾ, ನೀನು ಬೇಜಾರು ಮಾಡಿಕೊಳ್ಳಬೇಡ, ನಿನ್ನ ತಪ್ಪು ಏನೂ ಇರಲಿಲ್ಲ.

ಇಂಥ ಮನೆಯಲ್ಲಿ ನಮ್ಮನೆಯವರು ಹೇಗಿದ್ದರು ಗೊತ್ತಾ? ಜೂನ್ ಬಂತು ಅಂದರೆ ರಾತ್ರಿ ಒಂಬತ್ತಕ್ಕೆ ಫೋನ್ ಹಿಡಿದು ಕೂರುತ್ತಿದ್ದರು. ಅಲ್ಲಿ ರಾತ್ರಿ ಒಂಬತ್ತು ಅಂದರೆ ಇಲ್ಲಿ ಮಾರನೇ ಬೆಳಗ್ಗೆ ಏಳೂವರೆ. ನಮ್ಮ ಪಕ್ಕದ ತೋಟದವರು ಅಷ್ಟೊತ್ತಿಗೆ ಅಂಗಳದ ಮಳೆಮಾಪಕ ನೋಡಿ ಬಂದಿರುತ್ತಿದ್ದರು. "ಎಷ್ಟು ಇಂಚು?" ಅಂತ ಇವರು ಕೇಳಬೇಕು, ಅವರು ಹೇಳಬೇಕು, ಇವರು ಹಳೇ ಡೈರಿಯಲ್ಲಿ ಬರೆದುಕೊಳ್ಳಬೇಕು. ಆಮೇಲೆ ಒಂದೊಂದೇ ಪ್ರಶ್ನೆ. ಬೋರ್ಡೋ ಔಷಧಿ ಎರಡನೇ ಸಲ ಹೊಡೆಸಿದಿರಾ? ಕೊಳೆರೋಗ ಕಾಣಿಸ್ತಾ? ಕೆಳಗಿನ ತೋಟದಲ್ಲಿ ಬಸಿಗಾಲುವೆ ಕಟ್ಟಿಕೊಂಡಿಲ್ಲ ತಾನೇ? ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಈ ಸಲ ಎಷ್ಟು ಕೇಳ್ತಾನಂತೆ? ಮೈಕೈ ನೋವು, ನಿದ್ದೆ ಇಲ್ಲ, ಬೇಜಾರು ಅಂತ ಹಗಲೆಲ್ಲ ಮುಖ ಸಣ್ಣ ಮಾಡಿಕೊಂಡಿದ್ದ ಮನುಷ್ಯ ಆ ಅರ್ಧ ಗಂಟೆ ತೋಟದ ಯಜಮಾನ. ಗಂಟಲೇ ಬೇರೆ ಆಗುತ್ತಿತ್ತು. ಮೊಮ್ಮಗ ಪಕ್ಕದಲ್ಲಿ ಕೂತು "ಅಜ್ಜ, ಇವತ್ತು ಎಷ್ಟು ಇಂಚು?" ಅಂತ ಕೇಳುತ್ತಿದ್ದ. ಆ ಮಗುವಿಗೆ ಇಲ್ಲಿನ ಮಳೆಯ ಲೆಕ್ಕ ಗೊತ್ತಿತ್ತು.

ಅರೋರಾದ ಬಾಲಾಜಿ ದೇವಸ್ಥಾನದಲ್ಲಿ ಕೊಪ್ಪದ ಕಡೆಯ ಒಬ್ಬ ಹಿರಿಯರು ಸಿಗುತ್ತಿದ್ದರು. ಅವರು ಎಲ್ಲ ಮಾರಿ ಬಂದವರು. ತೋಟ, ಗದ್ದೆ, ಅಟ್ಟದ ಮೇಲಿದ್ದ ತಾಮ್ರದ ಹಂಡೆ ಸಮೇತ. ದುಡ್ಡಿಗೆ ಕೊರತೆ ಇರಲಿಲ್ಲ. ಪ್ರಸಾದಕ್ಕೆ ಕೂತಾಗ ನಮ್ಮನೆಯವರ ಹತ್ತಿರ ಬಂದು ಕೇಳುತ್ತಿದ್ದದ್ದು ಒಂದೇ: "ನಿಮ್ಮಲ್ಲಿ ಮಳೆ ಹೇಗೆ?" ಇವರು ಡೈರಿಯ ಲೆಕ್ಕ ಹೇಳುತ್ತಿದ್ದರು. ಆ ಹಿರಿಯರು ಕೇಳಿಸಿಕೊಂಡು, "ಹಾಗಾದರೆ ನಮ್ಮ ಕಡೆ ಇನ್ನೂ ಒಂದು ಇಂಚು ಜಾಸ್ತಿ ಬಿದ್ದಿರುತ್ತೆ" ಅನ್ನುತ್ತಿದ್ದರು. ಅವರಿಗೆ ಫೋನ್ ಮಾಡಿ ಕೇಳೋಕೆ ಅಲ್ಲಿ ಯಾವ ತೋಟವೂ ಉಳಿದಿರಲಿಲ್ಲ. ಮಾರಿ ಹೋಗಿ ಅನ್ನುವ ಪ್ರತಿಯೊಬ್ಬರಿಗೂ ಅವರ ಮುಖ ತೋರಿಸಬೇಕು ಅನ್ನಿಸುತ್ತೆ ನನಗೆ.

ಇದು ಬರೀ ಮನಸ್ಸಿನ ಮಾತು ಅಂತ ತಳ್ಳಿಹಾಕಬೇಡಿ. ಕಾನೂನೂ ಹೀಗೇ ಇದೆ. ಫೆಮಾ ಅನ್ನುವ ವಿದೇಶಿ ವಿನಿಮಯ ಕಾಯ್ದೆಯ ನಿಯಮದ ಪ್ರಕಾರ ಎನ್‌ಆರ್‌ಐ, ಅಂದರೆ ಹೊರದೇಶದಲ್ಲಿ ನೆಲೆಸಿದ ಭಾರತೀಯರು ಇಲ್ಲಿ ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಅಲ್ಲಿಯ ಸಿಟಿಜನ್ ಆಗಿ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ತೆಗೆದುಕೊಂಡವರಿಗೂ ಅಷ್ಟೇ. ಆದರೆ ಇಲ್ಲಿ ವಾಸ ಇದ್ದಾಗ ನಮ್ಮದಾಗಿದ್ದ ಜಮೀನನ್ನು ಹಾಗೇ ಇಟ್ಟುಕೊಳ್ಳಬಹುದು. ಅದಕ್ಕೆ ಅಡ್ಡಿ ಇಲ್ಲ. ಅಂದರೆ ಏನಾಯ್ತು? ಇಟ್ಟುಕೊಂಡರೆ ಉಳಿಯುತ್ತೆ, ಒಮ್ಮೆ ಮಾರಿದರೆ ಅಲ್ಲಿ ಕೂತು ಒಂದು ಗುಂಟೆಯನ್ನೂ ಮತ್ತೆ ಕೊಳ್ಳೋಕೆ ಆಗಲ್ಲ. 2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು. ನಿಮ್ಮ ತೋಟಕ್ಕೆ ಬೆಂಗಳೂರಿನಿಂದಲೂ ಗಿರಾಕಿ ಬರ್ತಾರೆ. ನೀವು ಮನಸ್ಸು ಬದಲಾಯಿಸಿ ಊರಿಗೆ ಬರುವ ಹೊತ್ತಿಗೆ ಅಲ್ಲಿ ಹೋಂಸ್ಟೇ ಎದ್ದಿರುತ್ತೆ.

ಆಸ್ಪತ್ರೆ ವಿಷಯ ಇನ್ನೊಂದು. "ಅಲ್ಲಿ ಒಳ್ಳೇ ಆಸ್ಪತ್ರೆ ಇದೆ, ವಯಸ್ಸಾದವರಿಗೆ ಸರ್ಕಾರವೇ ನೋಡಿಕೊಳ್ಳುತ್ತೆ" ಅಂತ ಊಟದಲ್ಲಿ ಒಬ್ಬರು ಹೇಳುತ್ತಿದ್ದರು. ಮೆಡಿಕೇರ್ ಅನ್ನುವ ಅಲ್ಲಿಯ ಸರ್ಕಾರದ ಆರೋಗ್ಯ ವಿಮೆ 65 ವರ್ಷ ಆದವರಿಗೆ ಹೌದು. ಆದರೆ ನಮ್ಮ ಹಾಗೆ ಗ್ರೀನ್ ಕಾರ್ಡಿನಲ್ಲಿ ಹೋದವರು ಅಲ್ಲಿ ಸತತ 5 ವರ್ಷ ವಾಸ ಮಾಡಿದ ಮೇಲಷ್ಟೇ ಅದನ್ನು ಕೊಳ್ಳಬಹುದು. ಹೌದು, ಕೊಳ್ಳಬೇಕು. ಅಲ್ಲಿ ದುಡಿದು ತೆರಿಗೆ ಕಟ್ಟಿದವರಿಗೆ ಆಸ್ಪತ್ರೆಯ ಭಾಗ ಪುಕ್ಕಟೆ. ತಾವಾಗಲಿ ಗಂಡನೋ ಹೆಂಡತಿಯೋ ಆಗಲಿ ಅಲ್ಲಿ ದುಡಿಯದವರಿಗೆ 2025ರಲ್ಲಿ ಅದೊಂದಕ್ಕೇ ತಿಂಗಳಿಗೆ 518 ಡಾಲರ್, ಡಾಕ್ಟರ ಭಾಗಕ್ಕೆ ಇನ್ನೂ 185. ಒಬ್ಬೊಬ್ಬರಿಗೆ. ನಮ್ಮ ರೂಪಾಯಿಯಲ್ಲಿ ಅರವತ್ತು ಸಾವಿರದ ಹತ್ತಿರ. ಮೇಷ್ಟ್ರ ಪೆನ್ಷನ್ ಎಷ್ಟು ಅಂತ ಅಲ್ಲಿದ್ದವರಿಗೆಲ್ಲ ಗೊತ್ತು. ಆ 5 ವರ್ಷ ಆಗುವವರೆಗೆ ಬೇರೆ ಇನ್ಶೂರೆನ್ಸ್ ಮಾಡಿಸಬೇಕು, ಅದರ ಹೊರೆ ಮಗನ ಮೇಲೆ.

ನಮ್ಮನೆಯವರಿಗೆ ಒಂದು ಚಳಿಗಾಲ ಎದೆ ಹಿಡಿದುಕೊಂಡ ಹಾಗಾಗುತ್ತಿತ್ತು. ಬಿಲ್ಲಿಗೆ ಹೆದರಿ ಯಾರಿಗೂ ಹೇಳದೆ ಮುಚ್ಚಿಟ್ಟರು. ನನಗೆ ಗೊತ್ತಾಗಿ ಮಗನಿಗೆ ಹೇಳಿದೆ, ತೋರಿಸಿದೆವು, ದೇವರ ದಯೆ, ಹೃದಯಕ್ಕೆ ಏನೂ ಆಗಿರಲಿಲ್ಲ. ಅವತ್ತೇ ರಾತ್ರಿ ಇವರು, "ಸಾಕು, ಊರಿಗೆ ಹೋಗೋಣ, ನಮ್ಮ ಮನೆ ಇದೆಯಲ್ಲ" ಅಂದರು. ಇದ್ದದ್ದಕ್ಕೆ ಹಾಗೆ ಅನ್ನೋಕೆ ಆಯ್ತು. ಕೊನೆಗೆ ಗ್ರೀನ್ ಕಾರ್ಡ್ ವಾಪಸ್ ಕೊಟ್ಟೆವು. ಈಗ ವಿಸಿಟರ್ ವೀಸಾದಲ್ಲಿ ಹೋಗಿ, ಮೊಮ್ಮಗನ ಜೊತೆ ಇದ್ದು ಬರ್ತೇವೆ. ಹೋಗುವಾಗಲೂ ಖುಷಿ, ಬರುವಾಗಲೂ ಖುಷಿ. ಮನೆ ಮಾರಿದ್ದರೆ ಈ ದಾರಿ ಎಲ್ಲಿರುತ್ತಿತ್ತು?

ಮಾರಿ ಅನ್ನುವವರ ಮಾತಿನಲ್ಲಿ ಏನೂ ಹುರುಳಿಲ್ಲ ಅಂತ ಹೇಳಲ್ಲ. ಮಲೆನಾಡಿನಲ್ಲಿ ಬೀಗ ಹಾಕಿದ ಮನೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ. ಹೆಂಚು ಸರಿದರೆ ನೋಡುವವರಿಲ್ಲ. ಬಾಗಿಲ ಚೌಕಟ್ಟಿಗೆ ಗೆದ್ದಲು. ತೋಟದ ಕಥೆ ಇನ್ನೂ ಕಷ್ಟ. ಕೊಳೆ ಹಳೇ ಶತ್ರು, ಈಗ ಎಲೆಚುಕ್ಕಿ ರೋಗ ಬೇರೆ ಬಂದು ಹೊಸನಗರ, ತೀರ್ಥಹಳ್ಳಿ ಕಡೆ ಎಷ್ಟೋ ತೋಟ ಒಣಗಿದ ಹಾಗೆ ಕಾಣುತ್ತೆ. ಕೆಲಸಕ್ಕೆ ಜನ ಸಿಗಲ್ಲ. ಎಲ್ಲ ನಿಜ. ಆದರೆ ಇದಕ್ಕೆಲ್ಲ ಮಾರೋದೊಂದೇ ಮದ್ದಾ? ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ ಕೊಡಿ. ಚೇಣಿ ನಮ್ಮಲ್ಲಿ ಹೊಸದಲ್ಲ. ಫಸಲು ಅವರದು, ಕೊಯ್ಲು ಅವರದು, ಮರ ನಿಮ್ಮದು. ದುಡ್ಡು ಒಂದಿಷ್ಟು ಕಡಿಮೆ ಬರಬಹುದು, ಬರಲಿ ಬಿಡಿ. ಈಗ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು ಬಂದ ಮೇಲೆ ನೆಲದಲ್ಲೇ ನಿಂತು ಅಡಿಕೆ ಗೊನೆ ಇಳಿಸ್ತಾರೆ, ಔಷಧಿಯನ್ನೂ ಹೊಡೀತಾರೆ. ಮನೆಯ ಒಂದು ರೂಮಿಗೆ ನಿಮ್ಮ ಸಾಮಾನು ಹಾಕಿ ಬೀಗ ಹಾಕಿ, ಉಳಿದದ್ದು ಬಾಡಿಗೆಗೆ ಕೊಡಿ. ಒಲೆ ಉರಿಯುವ ಮನೆಗೆ ಗೆದ್ದಲು ಅಷ್ಟು ಬೇಗ ಬರಲ್ಲ.

"ಮಕ್ಕಳು ಹೇಗೂ ವಾಪಸ್ ಬರಲ್ಲ, ಯಾರಿಗೋಸ್ಕರ ಇಟ್ಟುಕೊಳ್ಳೋದು?" ಅಂತ ಇನ್ನೊಂದು ಪ್ರಶ್ನೆ. ನನಗೆ ಅತಿ ಹೆಚ್ಚು ಸಿಟ್ಟು ಬರಿಸುವುದು ಇದೇ. ಯಾರಿಗೋಸ್ಕರ ಅಂದರೆ? ಹೊರಟಿರುವ ಆ ಗಂಡ ಹೆಂಡತಿಗೋಸ್ಕರವೇ! ಅರವತ್ತು ವರ್ಷಕ್ಕೆ ಒಬ್ಬ ಮನುಷ್ಯನ ಬದುಕು ಮುಗಿದೇಹೋಯ್ತು, ಇನ್ನು ಅವನ ಆಸ್ತಿಗೆಲ್ಲ ವಾರಸುದಾರರನ್ನು ಹುಡುಕೋದೊಂದೇ ಬಾಕಿ ಅಂತ ಯಾರು ಹೇಳಿದ್ದು? ಇನ್ನೂ ಇಪ್ಪತ್ತು ವರ್ಷ ಆರೋಗ್ಯವಾಗಿ ಇರುವವರು ಅವರು. ಆ ಇಪ್ಪತ್ತು ವರ್ಷಕ್ಕೆ ಅವರದು ಅಂತ ಒಂದು ಜಗಲಿ ಬೇಡವಾ?

ಲೆಕ್ಕ ಹಾಕಿ ನೋಡಿ. ಅಡಿಕೆ ಕೊಯ್ಲು ಇರುವ ತಿಂಗಳುಗಳೇ ಅಲ್ಲಿಯ ಕೆಟ್ಟ ಚಳಿಯ ತಿಂಗಳುಗಳು. ನವೆಂಬರಿನಲ್ಲಿ ಬಂದರೆ ಪೆನ್ಷನ್ನಿಗೆ ಜೀವಿತ ಪ್ರಮಾಣಪತ್ರವನ್ನೂ ಇಲ್ಲೇ ಕೊಟ್ಟ ಹಾಗಾಯ್ತು. ಅಡಿಕೆ ಸುಲಿಸಿ, ಬೇಯಿಸಿ, ಒಣಗಿಸಿ, ಹಲಸಿನ ಹಪ್ಪಳ ಮಾಡಿಕೊಂಡು ಏಪ್ರಿಲ್ ಮೇನಲ್ಲಿ ಹೊರಟರೆ ಅಲ್ಲಿ ಹೂವಿನ ಕಾಲ. ಗ್ರೀನ್ ಕಾರ್ಡ್ ಇಟ್ಟುಕೊಳ್ಳುವವರು ಮಾತ್ರ ಹುಷಾರಾಗಿರಬೇಕು. ಒಂದೇ ಸಲಕ್ಕೆ 6 ತಿಂಗಳು ಮೀರಿ ಹೊರಗಿದ್ದರೆ ಪ್ರಶ್ನೆ ಬರುತ್ತೆ. ಒಂದು ವರ್ಷ ಮೀರುವುದಾದರೆ ಅಲ್ಲಿಂದ ಹೊರಡುವ ಮುಂಚೆಯೇ ರೀಎಂಟ್ರಿ ಪರ್ಮಿಟ್‌ಗೆ, ಅಂದರೆ ಮತ್ತೆ ಒಳಗೆ ಬರುವ ಅನುಮತಿಗೆ ಅರ್ಜಿ ಹಾಕಬೇಕು, ಅದೂ ಹೆಚ್ಚೆಂದರೆ 2 ವರ್ಷಕ್ಕೆ ಸಿಗೋದು.

ಇನ್ನೊಂದು ಮುಖ್ಯ ವಿಷಯ. ಹೊರಡುವ ಗಡಿಬಿಡಿಯಲ್ಲಿ ಯಾರಿಗೂ ಮಾರುವ ಅಧಿಕಾರ ಇರುವ ಪವರ್ ಆಫ್ ಅಟಾರ್ನಿ ಬರೆದುಕೊಡಬೇಡಿ, ತಮ್ಮ ಆಗಲಿ ಭಾವ ಆಗಲಿ. ಬಾಡಿಗೆ ವಸೂಲಿ, ಕಂದಾಯ ಕಟ್ಟೋದು, ರಿಪೇರಿ, ಇಷ್ಟಕ್ಕೆ ಮಾತ್ರ ಅಂತ ಸ್ಪಷ್ಟವಾಗಿ ಬರೆಸಿ. ಮಾರೋದಾದರೆ ನೀವೇ ಬಂದು, ನಿಮ್ಮ ಕೈಯಾರೆ ಸಹಿ ಹಾಕಿ. ಎರಡು ಮಳೆಗಾಲ ಅಲ್ಲಿ ಕಳೆದ ಮೇಲೂ ಮಾರಬೇಕು ಅಂತ ನಿಮಗಿಬ್ಬರಿಗೂ ಅನ್ನಿಸಿದರೆ ಮಾರಿ, ಆಗ ನಾನು ತುಟಿ ಬಿಚ್ಚಲ್ಲ.

ಚೇಣಿಯ ಕರಾರು ಹೇಗೆ ಬರೆಸಿದೆವು, ಬಾಡಿಗೆಯವರನ್ನು ಹೇಗೆ ಹುಡುಕಿದೆವು ಅಂತ ತಿಳಿಯಬೇಕಾದವರು ಫೋನ್ ಮಾಡಿ. ಸಂಜೆ ಐದರ ಮೇಲೆ ನಾನು ಮನೆಯಲ್ಲೇ ಇರ್ತೇನೆ. ತೋಟದ ವಿಷಯ ಆದರೆ ನಮ್ಮನೆಯವರಿಗೇ ಕೊಡ್ತೇನೆ, ಅವರಿಗೆ ಮಾತಾಡೋಕೆ ಖುಷಿ.