ಮೊಣಕಾಲು ನೆನೆಯಬಾರದು

ಮಕ್ಕಳ ಜೀವಕ್ಕೆ ಅಪಾಯ, ಶಾಲಾ ಪ್ರವಾಸವನ್ನೇ ನಿಲ್ಲಿಸಿಬಿಡಿ ಎಂದು ಲೇಖನವೊಂದರಲ್ಲಿ ಲೇಖಕರೊಬ್ಬರು ಬರೆದಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಮೇಷ್ಟ್ರು, ಹತ್ತಾರು ಸಲ ಮಕ್ಕಳನ್ನು ಕರೆದುಕೊಂಡು ಹೋದವನು.

ಬಯಲುಸೀಮೆಯ ಎಷ್ಟೋ ಮಕ್ಕಳು ಸಮುದ್ರ ನೋಡುವುದೇ ಪ್ರವಾಸದಲ್ಲಿ. ಅಲೆ ಬಂದು ತಳ್ಳುವುದು ಅವರಿಗೆ ಆಟ. ಅದೇ ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ ಅಂತ ಯಾರು ಹೇಳಿರುತ್ತಾರೆ? ಊರ ಕೆರೆಯಲ್ಲಿ ಈಜಿದ ಹುಡುಗನೂ ಅಲ್ಲಿ ಕಂಗಾಲಾಗುತ್ತಾನೆ. ಹಾಗಾಗಿ ನಮ್ಮ ಶಾಲೆಯಲ್ಲಿ ಒಂದೇ ಮಾತು: ಪಾದ ನೆನೆಯಬಹುದು, ಮೊಣಕಾಲು ನೆನೆಯಬಾರದು. ಮೇಷ್ಟ್ರುಗಳು ಮಕ್ಕಳಿಗಿಂತ ಮುಂದೆ, ನೀರಿನ ಕಡೆಗೆ ನಿಲ್ಲಬೇಕು. ದಡದಲ್ಲಿ ಸೆಲ್ಫಿ ತೆಗೆಯುತ್ತಾ ಕೂತರೆ ಆಗಲ್ಲ. (ನಾನೂ ಒಮ್ಮೆ ತೆಗೆದಿದ್ದೇನೆ, ಸುಳ್ಳು ಯಾಕೆ.) ಜೀವರಕ್ಷಕರು ಸೀಟಿ ಊದಿದರೆ ಚರ್ಚೆ ಇಲ್ಲ, ಎಲ್ಲರೂ ಮೇಲೆ.

ಇನ್ನೊಂದು ವಿಷಯ ಆ ಲೇಖನದಲ್ಲಿ ಬಂದೇ ಇಲ್ಲ. ಎರಡೇ ದಿನದಲ್ಲಿ ಧರ್ಮಸ್ಥಳ, ಉಡುಪಿ, ಮುರುಡೇಶ್ವರ, ಜೋಗ ಎಲ್ಲ ಮುಗಿಸಬೇಕು ಅನ್ನುವ ಹಟ. ಹೆಚ್ಚು ಜಾಗ ತೋರಿಸಿದರೆ ಪೋಷಕರಿಗೂ ಖುಷಿ ಅಲ್ವಾ! ಆದರೆ ಅದಕ್ಕಾಗಿ ರಾತ್ರಿಯಿಡೀ ಬಸ್ಸು ಓಡುತ್ತದೆ. ಡ್ರೈವರಿಗೆ ನಿದ್ದೆ ಇಲ್ಲ, ಮೇಷ್ಟ್ರಿಗೂ ಇಲ್ಲ. ಬೆಳಗ್ಗೆ ಕಡಲ ದಡದಲ್ಲಿ ತೂಕಡಿಸುತ್ತಾ ಮಕ್ಕಳ ತಲೆ ಎಣಿಸುವುದು ಹೇಗೆ? ಎರಡು ಜಾಗ ಕಡಿಮೆ ಮಾಡಿ. ಮಕ್ಕಳನ್ನು ಜೋಡಿ ಮಾಡಿ, ಪಕ್ಕದವನು ಕಾಣದಿದ್ದರೆ ಕೂಗಲು ಹೇಳಿ. ನನ್ನ ಎಣಿಕೆ ತಪ್ಪಿದ ದಿನವೂ ಆ ಕೂಗು ತಪ್ಪಿಲ್ಲ.