39 ಕಿಲೋ ಬಾಗಿಲಿಗೆ ‘ನಡೀತದ ಬಿಡ್ರಿ’ ಹಿಂಜ್

ಇವತ್ತು ಬೆಳಿಗ್ಗೆಯೂ ನಮ್ಮವ್ವ ಹಿತ್ತಲ ಬಚ್ಚಲಿನಲ್ಲೇ ಸ್ನಾನ ಮಾಡಿದಳು. ಮನೆಯೊಳಗೆ ಹೊಸ ಬಾತ್‌ರೂಮ್ ಇದೆ. ಅದರ ಗಾಜಿನ ಬಾಗಿಲು ಈಗ ಮಲಗೋ ಕೋಣೆಯ ಗೋಡೆಗೆ ಒರಗಿ ನಿಂತಿದೆ. ಕೆಳಗೆ ಎರಡು ಕಟ್ಟಿಗೆ ಪಟ್ಟಿ, ಪಟ್ಟಿಯ ಮೇಲೆ ಹಳೇ ಕಂಬಳಿ. ಬಾತ್‌ರೂಮಿನ ಗೋಡೆಯಲ್ಲಿ ಎರಡು ಟೈಲ್ಸ್ ಒಡೆದು ತೆಗೆದ ಕಡೆ ಇಟ್ಟಿಗೆ ಕಾಣುತ್ತಿದೆ. ಹೀಗೇ ಒಂದು ತಿಂಗಳಾಯಿತು. ಇಷ್ಟಕ್ಕೂ ಕಾರಣ ಬಾಗಿಲನ್ನು ಗೋಡೆಗೆ ಹಿಡಿದು ತಿರುಗಿಸುವ, ಅಂಗೈ ಅಗಲದ ಎರಡು ಹಿಂಜ್. ಅದನ್ನು ಮಾರಿದವನು, ಕೂರಿಸಿದವನು ಇಬ್ಬರೂ ಹೇಳಿದ್ದು ಒಂದೇ ಮಾತು: “ನಡೀತದ ಬಿಡ್ರಿ.”

ನಡೀಲಿಲ್ಲ. ಯಾಕೆ ನಡೀಲಿಲ್ಲ ಅಂತ ಪೂರ್ತಿ ಬರೀತೀನಿ. ಹೊಟ್ಟೆ ಉರೀತಿದೆ.

ನಮ್ಮ ಮನೆ ಕಲಬುರಗಿಯಲ್ಲಿ, ಜೇವರ್ಗಿ ರಸ್ತೆ ಕಡೆ. ಬಾತ್‌ರೂಮ್ ಮಾಡಿಸುವಾಗ ನಮಗಿದ್ದದ್ದು ಒಂದೇ ಆಸೆ, ನೆಲ ಒಣಗಿರಬೇಕು. ಅವ್ವನಿಗೆ 72 ವರ್ಷ. ಹಳೇ ಬಚ್ಚಲಿನಲ್ಲಿ ಒಮ್ಮೆ ಜಾರಿ ಬಿದ್ದು ಮೂರು ವಾರ ಹಾಸಿಗೆ ಹಿಡಿದಿದ್ದಳು. ಅದಕ್ಕೇ ಸ್ನಾನದ ಜಾಗ ಬೇರೆ ಮಾಡಿ, ನಡುವೆ ಗಾಜಿನ ಬಾಗಿಲು ಹಾಕಿಸಿದೆವು. ಕಟ್ಟಿಗೆ ಬಾಗಿಲು ನೀರು ಕುಡಿದು ಉಬ್ಬುತ್ತೆ. ಅಲ್ಯುಮಿನಿಯಂ ಚೌಕಟ್ಟಿನ ಸಂದಿಯಲ್ಲಿ ಪಾಚಿ ಕೂರುತ್ತೆ. ಚೌಕಟ್ಟೇ ಇಲ್ಲದ ಗಾಜಾದರೆ ಒಂದು ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಶೋಕಿಗೆ ಮಾಡಿಸಿದ್ದಲ್ಲ.

ಚೌಕಟ್ಟಿಲ್ಲ ಅಂದಮೇಲೆ ಬಾಗಿಲಿನ ಪೂರಾ ಭಾರ ಹಿಂಜಿನ ಮೇಲೆ ಅಲ್ವಾ? ಹಾಗಾದರೆ ಹಿಂಜ್ ಮಾರುವವನು ಮೊದಲು ಕೇಳಬೇಕಾದ್ದು ಏನು? ನಿಮ್ಮ ಬಾಗಿಲು ಎಷ್ಟು ಭಾರ ಅಂತ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ಒಂದು ಚದರ ಮೀಟರ್ ಗಾಜು, ಒಂದು ಎಂಎಂ ದಪ್ಪ ಇದ್ದರೆ ಎರಡೂವರೆ ಕಿಲೋ ತೂಗುತ್ತೆ. ಹತ್ತು ಎಂಎಂ ಅಂದರೆ 25 ಕಿಲೋ. ನಮ್ಮ ಬಾಗಿಲು 750 ಎಂಎಂ ಅಗಲ, 2100 ಎಂಎಂ ಎತ್ತರ, ಹತ್ತು ಎಂಎಂ ದಪ್ಪ. ಗುಣಿಸಿದರೆ 39 ಕಿಲೋ ದಾಟುತ್ತೆ. ಈ ಲೆಕ್ಕ ಏಳನೇ ಇಯತ್ತೆಯ ಹುಡುಗ ಮಾಡ್ತಾನೆ. ಇದನ್ನೇ ಮಾರಿಕೊಂಡು ಹೊಟ್ಟೆ ಹೊರೆಯುವವನಿಗೆ ಇದು ಗೊತ್ತಿರಬೇಡವೇ?

ಸೂಪರ್ ಮಾರ್ಕೆಟ್ ಕಡೆಯ ಆ ಅಂಗಡಿಯವನು ಅಳತೆ ಕೇಳಲಿಲ್ಲ. ಗೋಡೆ ಎಂಥದ್ದು ಅಂತ ಕೇಳಲಿಲ್ಲ. ಎರಡು ಡಬ್ಬಿ ಕೌಂಟರ್ ಮೇಲಿಟ್ಟು, “ಸರ್, ಫಿನಿಷಿಂಗ್ ನೋಡ್ರಿ, ಕನ್ನಡಿ ಹಂಗ ಅದ. ಎಲ್ಲಾರೂ ಇದೇ ಒಯ್ತಾರ್ರಿ” ಅಂದ. ಹತ್ತು ಎಂಎಂ ಗಾಜಿಗೆ ತಾಳುತ್ತಾ ಅಂತ ನಾನು ಎರಡು ಸಲ ಕೇಳಿದೆ. “ನಡೀತದ ಬಿಡ್ರಿ” ಅಂದ. ಜೋಡಿಗೆ 1,900 ರೂಪಾಯಿ ಕೊಟ್ಟು ತಂದೆ. ಡಬ್ಬಿಯೊಳಗೆ ನಾಲ್ಕು ಮಡಿಕೆ ಮಾಡಿದ ತೆಳ್ಳನೆ ಕಾಗದ ಒಂದಿತ್ತು. ಅದನ್ನು ಫಿಟ್ಟರ್ ಹುಡುಗ ಥರ್ಮಾಕೋಲ್ ಜೊತೆ ಮೂಲೆಗೆ ಬಿಸಾಕಿದ್ದ. ಎಲ್ಲ ಕೆಟ್ಟ ಮೇಲೆ ಹುಡುಕಿ ತೆಗೆದು ಓದಿದೆ. ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು: ಗಾಜು 8 ಎಂಎಂ, ಅಗಲ 700 ಎಂಎಂ ತನಕ, ಜೋಡಿಗೆ 30 ಕಿಲೋ. ಮುಚ್ಚಿಟ್ಟ ವಿಷಯ ಏನೂ ಅಲ್ಲ. ಮಾರುವವನು ತಾನು ಮಾರುವ ಡಬ್ಬಿಯನ್ನು ಒಂದು ದಿನವೂ ಬಿಚ್ಚಿ ಓದಿಲ್ಲ, ಅಷ್ಟೇ.

ಅಗಲದ ಮಾತು ಯಾಕೆ ಬರೆದಿರುತ್ತಾರೆ ಅಂತ ಆಮೇಲೆ ಅರ್ಥ ಆಯ್ತು. ತುಂಬಿದ ಕೊಡವನ್ನು ನಡುವಿಗೆ ಒತ್ತಿ ಹಿಡಿದರೆ ಹೆಣ್ಣುಮಕ್ಕಳು ಅರ್ಧ ಮೈಲಿ ನಡೀತಾರೆ. ಅದೇ ಕೊಡವನ್ನು ಕೈ ಚಾಚಿ ಹಿಡಿ ಅಂದರೆ ಯಾವ ಪೈಲ್ವಾನನಿಗೂ ಹತ್ತು ಎಣಿಸುವಷ್ಟರಲ್ಲಿ ಭುಜ ಸೋಲುತ್ತೆ. ಬಾಗಿಲು ಅಗಲ ಆದಷ್ಟೂ ಭಾರ ಗೋಡೆಯಿಂದ ದೂರ ಹೋಗುತ್ತೆ. ಮೇಲಿನ ಹಿಂಜನ್ನು ಗೋಡೆಯಿಂದ ಕೀಳೋಕೆ ನೋಡುತ್ತೆ, ಕೆಳಗಿನದನ್ನು ಗೋಡೆಗೆ ಒತ್ತುತ್ತೆ. ಹಾಗಾಗಿ ಸೋಲೋದು ಸಾಮಾನ್ಯವಾಗಿ ಮೇಲಿನದ್ದೇ. ನಮ್ಮ ಮನೆಯಲ್ಲೂ ಅದೇ ಸೋತಿತು.

ಕೂರಿಸಲು ಬಂದ ಹುಡುಗನ ಹತ್ತಿರ ಒಂದು ಡ್ರಿಲ್, ಸಂದಿಗೆ ಅಂಟು ತುಂಬುವ ಒಂದು ಸಿಲಿಕಾನ್ ಗನ್ ಬಿಟ್ಟರೆ ಬೇರೇನೂ ಇರಲಿಲ್ಲ. ಲೆವೆಲ್ ಇಲ್ಲ, ತೂಗುಗುಂಡೂ ಇಲ್ಲ. ಗೌಂಡಿ ಕಟ್ಟಿದ ಗೋಡೆ ಯಾವ ಮನೆಯಲ್ಲಿ ನೂಲು ಹಿಡಿದಂಗೆ ನೆಟ್ಟಗಿರುತ್ತೆ ಹೇಳಿ? ನಮ್ಮದು ಮೇಲಕ್ಕೆ ಹೋಗ್ತಾ 12 ಎಂಎಂ ವಾಲಿದೆ. ಗೋಡೆ ವಾಲಿದರೂ ಗಾಜು ವಾಲಲ್ಲ. ಎರಡೂ ಹಿಂಜ್ ಒಂದೇ ನೇರ ಗೆರೆಯಲ್ಲಿ ಕೂರಬೇಕು. ಗೋಡೆ ತಪ್ಪಿದ ಕಡೆ ತಗಡಿನ ಪಟ್ಟಿ ಕೊಟ್ಟು ಸರಿದೂಗಿಸಬೇಕು. ಈ ಹುಡುಗ ಗೋಡೆ ಹೇಗಿದೆಯೋ ಹಾಗೇ ಹಿಂಜ್ ಒತ್ತಿ ಸ್ಕ್ರೂ ಬಿಗಿದ. ಬಾಗಿಲು ಬಿಟ್ಟ ಕಡೆ ನಿಲ್ಲಲಿಲ್ಲ, ತಾನೇ ತೆರೆದುಕೊಂಡು ಹೋಯಿತು. ಮುಚ್ಚಿದರೆ ಎರಡು ಬೆರಳು ಸಂದಿ ಬಿಟ್ಟು ನಿಂತಿತು. ಕೇಳಿದರೆ, “ಬಳಸಿ ಬಳಸಿ ಸೆಟ್ ಆಗ್ತದ ಸರ್.” ಕೆಳಗೆ ನೀರು ಹೊರಗೆ ಬಂತು. “ಸಿಲಿಕಾನ್ ಹೊಡದ್ರ ಎಲ್ಲಾ ಸರಿ ಆಗ್ತದ ಸರ್.” ಈ ಸಿಲಿಕಾನ್ ಅನ್ನೋದು ಇವರಿಗೆ ಮದ್ದು, ಮಂತ್ರ, ದೇವರು ಎಲ್ಲ. ತಪ್ಪು ಅಳತೆಗೂ ಅದೇ, ವಾಲಿದ ಗೋಡೆಗೂ ಅದೇ.

ಹದಿನೆಂಟನೇ ದಿನ ಬಾಗಿಲಿನ ಕೆಳ ಮೂಲೆ ಶಹಾಬಾದ್ ಕಲ್ಲಿನ ಹೊಸ್ತಿಲಿಗೆ ತಾಗಿತು. ಕರ್ರ್ ಅಂತ ಸದ್ದು. ಬಗ್ಗಿ ನೋಡಿದರೆ ಕಪ್ಪು ಕಲ್ಲಿನ ಮೇಲೆ ಬೆಳ್ಳಗೆ ಅರ್ಧಚಂದ್ರದಂಥ ಗೀರು. ಅವ್ವ ಬಾಗಿಲ ಹಿಡಿಕೆಯಿಂದ ಕೈ ತೆಗೆದು, “ಯಪ್ಪಾ, ಇದು ಮೈಮ್ಯಾಲ ಬಂದ್ರ ಹ್ಯಾಂಗೋ?” ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮದು ಟಫನ್ ಗಾಜು, ಅಂದರೆ ಭಟ್ಟಿಯಲ್ಲಿ ಕಾಯಿಸಿ ಗಟ್ಟಿ ಮಾಡಿದ್ದು. ಅದರ ಮೈ ಗಟ್ಟಿ, ಅಂಗೈಯಲ್ಲಿ ಗುದ್ದಿದರೂ ಏನೂ ಆಗಲ್ಲ. ಆದರೆ ಅದರ ಅಂಚು, ಮೂಲೆ ಬಲು ನಾಜೂಕು. ಕಲ್ಲಿಗೋ ಕಬ್ಬಿಣಕ್ಕೋ ಮೂಲೆ ಬಡಿದರೆ ಇಡೀ ಗಾಜು ಒಂದೇ ಸಲಕ್ಕೆ ಹರಳು ಹರಳಾಗಿ ಸುರಿಯುತ್ತೆ. ಅಂಥ ಮೂಲೆ ದಿನಾ ಕಲ್ಲಿಗೆ ಉಜ್ಜುತ್ತಿತ್ತು. ಒಳಗೆ ಬರಿಗಾಲಲ್ಲಿ ನನ್ನ ತಾಯಿ.

ಫಿಟ್ಟರ್ ಹುಡುಗನಿಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಕೊನೆಗೆ ಪರಿಚಯದವರೊಬ್ಬರು ಬೇರೆ ಕೆಲಸಗಾರರನ್ನು ಕಳಿಸಿದರು. ಹೈದರಾಬಾದಿನಲ್ಲಿ ವರ್ಷಗಟ್ಟಲೆ ಹೋಟೆಲುಗಳ ಗಾಜಿನ ಕೆಲಸ ಮಾಡಿ ಊರಿಗೆ ಬಂದ ಕಾಕಾ. ಬಂದವರೇ ಗಾಜು ಮುಟ್ಟಲಿಲ್ಲ. ಜೇಬಿನಿಂದ ಒಂದು ನಾಣ್ಯ ತೆಗೆದು ಹಿಂಜಿನ ಸುತ್ತ ಟೈಲ್ಸ್ ಬಡಿದರು. ಟಕ್ ಟಕ್ ಅಂತಿದ್ದದ್ದು ಮೇಲಿನ ಹಿಂಜಿನ ಹತ್ತಿರ ಬಂದಾಗ ಡಬ್ ಡಬ್ ಅಂತು. ಹಿಂದೆ ಟೊಳ್ಳು.

ನಾವಿಬ್ಬರು ಗಾಜು ಹಿಡಿದುಕೊಂಡೆವು, ಅವರು ಅಲೆನ್ ಕೀ ಹಾಕಿ ಹಿಂಜ್ ಬಿಚ್ಚಿದರು. ಗೋಡೆಯ ಸ್ಕ್ರೂ ತಿರುಗಿಸಬೇಕಾಗಿಯೇ ಇರಲಿಲ್ಲ. ಪ್ಲಾಸ್ಟಿಕ್ ಪ್ಲಗ್ ಸಮೇತ ಕೈಯಲ್ಲೇ ಎದ್ದು ಬಂತು, ಹಿಂದೆಯೇ ಒಂದು ಚಿಟಿಕೆ ಒಣ ಸಿಮೆಂಟ್ ಪುಡಿ ಉದುರಿತು. ಸ್ಕ್ರೂ ಉದ್ದ 35 ಎಂಎಂ. ಟೈಲ್ಸ್ ಎಂಟು ಎಂಎಂ, ಅದರ ಹಿಂದಿನ ಸಿಮೆಂಟ್ ಇಪ್ಪತ್ತೈದು. ಹಿಂಜಿನ ತಗಡಿನ ದಪ್ಪವನ್ನೂ ಲೆಕ್ಕ ಹಿಡಿದರೆ ತುದಿ ಇಟ್ಟಿಗೆಯನ್ನು ಮುಟ್ಟಿಯೇ ಇಲ್ಲ. 39 ಕಿಲೋ ಗಾಜು ಇಷ್ಟು ದಿನ ನೇತಾಡಿದ್ದು ಟೈಲ್ಸ್ ಹಿಂದಿನ ಪುಡಿ ಸಿಮೆಂಟಿನಲ್ಲಿ.

ಅಷ್ಟಕ್ಕೇ ಮುಗೀಲಿಲ್ಲ. ಗಾಜನ್ನು ಕಚ್ಚುವ ಎರಡು ತಗಡಿನ ನಡುವೆ ಎರಡೂ ಬದಿಗೆ ಗ್ಯಾಸ್ಕೆಟ್ ಅನ್ನೋ ತೆಳು ಪಟ್ಟಿ ಇರಬೇಕು. ಅದು ಗಾಜು ಜಾರದ ಹಾಗೆ ಹಿಡಿಯುತ್ತೆ, ಲೋಹ ಗಾಜಿಗೆ ತಾಗದ ಹಾಗೆ ಕಾಯುತ್ತೆ. ನಮ್ಮ ಹಿಂಜಿನಲ್ಲಿ ಒಂದು ಬದಿಗೆ ಮಾತ್ರ ಅದಿತ್ತು. ಇನ್ನೊಂದು ಬದಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಇಟ್ಟಿದ್ದರು. ಕತ್ತರಿಯ ಹಲ್ಲು ಹಲ್ಲಾದ ಅಂಚು ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಪಂಕ್ಚರ್ ತಿದ್ದಿದ ತೇಪೆಯೂ ಇತ್ತು. ಮೆತ್ತಗಿನ ಟ್ಯೂಬ್ ಭಾರಕ್ಕೆ ಹಿಸುಕಿಕೊಂಡು ಗಾಜು ಜಾರಿದೆ. ಕಾಕಾ ಅದನ್ನು ನನ್ನ ಕೈಗೆ ಕೊಟ್ಟು ಸುಮ್ನೆ ನಿಂತರು. ನಾನು ಆ ತುಂಡನ್ನು ಇನ್ನೂ ಇಟ್ಟುಕೊಂಡಿದ್ದೀನಿ.

ಬಾಗಿಲು ಪೂರ್ತಿ ಮುಚ್ಚದೆ ಇದ್ದದ್ದಕ್ಕೂ ಕಾರಣ ತೋರಿಸಿದರು. ಹಿಂಜಿನ ನಡುವಿನ ದಿಂಡಿಗೆ ಎರಡು ಸಣ್ಣ ಸ್ಕ್ರೂ ಇವೆ. ಅವನ್ನು ಸಡಿಲಿಸಿ, ಬಾಗಿಲು ಎಲ್ಲಿ ನಿಲ್ಲಬೇಕೋ ಅಲ್ಲಿ ಹಿಡಿದು, ಮತ್ತೆ ಬಿಗಿದರೆ ಬಾಗಿಲು ಅಲ್ಲೇ ಬಂದು ನಿಲ್ಲುತ್ತೆ. ಹತ್ತು ನಿಮಿಷದ ಕೆಲಸ. ‘ಬಳಸಿ ಬಳಸಿ ಸೆಟ್ ಆಗ್ತದ’ ಅಂದಿದ್ದು ಇದಕ್ಕೆ!

ಸರಿ, ಭಾರ ತಾಳುವ ಹಿತ್ತಾಳೆ ಹಿಂಜ್ ತರಿಸೋಣ, 4,600 ಆದರೂ ಆಗಲಿ ಅಂದೆ. ಕಾಕಾ ತಲೆ ಅಲ್ಲಾಡಿಸಿದರು. ನನಗೆ ನಿಜವಾಗಿ ಸಿಟ್ಟು ನೆತ್ತಿಗೇರಿದ್ದು ಅವಾಗ. ಟಫನ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸೋಕೆ ಆಗಲ್ಲ, ತೂತು ಕೊರೆಯೋಕೆ ಆಗಲ್ಲ. ಡ್ರಿಲ್ ಇಟ್ಟರೆ ಒಡೆದು ಪುಡಿ ಆಗುತ್ತೆ. ಹಿಂಜಿಗೆ ಬೇಕಾದ ಕಚ್ಚು, ತೂತು ಎಲ್ಲ ಭಟ್ಟಿಗೆ ಹೋಗುವ ಮೊದಲೇ ಆಗಬೇಕು. ಅಂದರೆ ಮೊದಲು ಹಿಂಜ್ ಆರಿಸಬೇಕು, ಆಮೇಲೆ ಅದರ ಅಳತೆಗೆ ಗಾಜು ಮಾಡಿಸಬೇಕು. ನಮ್ಮ ಗಾಜಿನ ಕಚ್ಚು ಆ ಹಗುರ ಹಿಂಜಿನ ಅಳತೆಗಿದೆ. ಹಿತ್ತಾಳೆಯದ್ದಕ್ಕೆ ಬೇರೆ ಅಳತೆ. ಮೂರನೇ ಹಿಂಜ್ ಸೇರಿಸೋಣ ಅಂದರೆ ಅದಕ್ಕೆ ಕಚ್ಚೇ ಇಲ್ಲ. ಹೈದರಾಬಾದಿನಿಂದ ತರಿಸಿದ ಗಾಜು, ಸಾಗಣೆ ಸೇರಿ 7,500 ರೂಪಾಯಿ. ಒಂದು ಗೀರೂ ಇಲ್ಲದ ಗಾಜು ಈಗ ಯಾವ ಕೆಲಸಕ್ಕೂ ಬಾರದು. 1,900ರ ಹಿಂಜ್ ತಪ್ಪಾಗಿದ್ದಕ್ಕೆ ಇಡೀ ಬಾಗಿಲು ಹೋಯಿತು. ಈ ಒಂದು ವಿಷಯ ಅಂಗಡಿಯವನು ಮೊದಲ ದಿನ ಬಾಯಿ ಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗ್ತಿತ್ತು?

ಹಿಂಜ್, ಕಾಗದ, ಟ್ಯೂಬ್ ತುಂಡು ಮೂರನ್ನೂ ತಗೊಂಡು ಅಂಗಡಿಗೆ ಹೋದೆ. ಹಿಂಜಿನ ಅಂಚಲ್ಲಿ ಹೊಳಪು ಆಗಲೇ ಗುಳ್ಳೆ ಎದ್ದಿತ್ತು, ಕೆಳಗೆ ಬೂದು ಬಣ್ಣದ ಸತುವಿನ ಲೋಹ ಕಾಣುತ್ತಿತ್ತು. ಅದನ್ನು ನೋಡಿದ ಕೂಡಲೇ, “ನೀವು ಆ್ಯಸಿಡ್ ಹಾಕಿ ತೊಳದೀರಿ” ಅಂದ. ನಾವು ಹಾಕಿಲ್ಲ. ಬಟ್ಟೆಯಲ್ಲಿ ಒರೆಸಿದ್ದು ಬಿಟ್ಟರೆ ಏನೂ ಮಾಡಿಲ್ಲ. ಆದರೆ ಒಂದು ಮಾತು. ನಮ್ಮ ಕಡೆ ಬೋರ್ ನೀರು ಗಡಸು. ಟೈಲ್ಸ್ ಮೇಲೆ ಕೂತ ಬಿಳಿ ಕಲೆ ತೆಗೆಯೋಕೆ ಜನ ಆ್ಯಸಿಡ್ ಹಾಕುತ್ತಾರೆ. ಆ್ಯಸಿಡ್ ಕ್ರೋಮ್ ಹೊಳಪನ್ನು ತಿನ್ನುತ್ತೆ ಅಂತ ಇವನಿಗೆ ಗೊತ್ತಿದೆ. ಗೊತ್ತಿದ್ದರೆ ಮಾರುವಾಗ ಯಾಕೆ ಹೇಳಲಿಲ್ಲ? ಮಾರುವಾಗ ಇಲ್ಲದ ತಿಳಿವಳಿಕೆ, ವಾಪಸ್ ತಂದಾಗ ಎಲ್ಲಿಂದ ಬಂತು?

ಕಾಗದ ತೋರಿಸಿದೆ. 30 ಕಿಲೋ ಅಂತ ಬರೆದದ್ದರ ಮೇಲೆ ಬೆರಳಿಟ್ಟೆ. “ಅದೆಲ್ಲಾ ಕಂಪನಿಯವ್ರು ಸುಮ್ನ ಬರೀತಾರ್ರಿ” ಅಂದ. ಸುಮ್ನೆ ಬರೀತಾರಂತೆ. ಗಾಜಿನ ದುಡ್ಡು ಬೇಡ, ಹಿಂಜಿನ ದುಡ್ಡಾದರೂ ಕೊಡು ಅನ್ನುವವನಲ್ಲ ನಾನು. ಎರಡೂ ಬೇಕು ಅಂದೆ. ಈಗಲೂ ಅದನ್ನೇ ಅಂತೀನಿ, ಬಿಲ್ ನನ್ನ ಹತ್ತಿರ ಇದೆ. ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆದು ಇಟ್ಟಿದ್ದೀನಿ.

ನಾನು ಅಲ್ಲಿ ನಿಂತಿರುವಾಗಲೇ ಗಂಡ ಹೆಂಡತಿ ಇಬ್ಬರು ಬಂದರು. ಹೊಸ ಮನೆ ಕಟ್ಟಿಸುತ್ತಿದ್ದಾರಂತೆ, ಗಾಜಿನ ಬಾಗಿಲಿಗೆ ಹಿಂಜ್ ಬೇಕಂತೆ. ಕೆಲಸದ ಹುಡುಗ ಏನೂ ಕೇಳದೆ ಅದೇ ಡಬ್ಬಿ ತೆಗೆದು ಮುಂದಿಟ್ಟ. ನನ್ನಿಂದ ತಡೆಯೋಕೆ ಆಗಲಿಲ್ಲ. “ನಿಮ್ಮ ಬಾಗಿಲು ಎಷ್ಟು ಅಗಲ ಅದರೀ?” ಅಂತ ಆ ಯಜಮಾನರನ್ನು ಕೇಳಿದೆ. ಅಂಗಡಿಯವನು ಎದ್ದು ನಿಂತು, “ನಮ್ಮ ಗಿರಾಕಿ ಕೆಡಿಸಬ್ಯಾಡ್ರಿ” ಅಂತ ದನಿ ಏರಿಸಿದ. ಅವರು ಮಾತ್ರ ಫೋನ್ ತೆಗೆದು ಬರೆದಿಟ್ಟುಕೊಂಡ ಅಳತೆ ತೋರಿಸಿದರು. 800 ಅಗಲ, 2100 ಎತ್ತರ, ಹನ್ನೆರಡು ಎಂಎಂ. ಕೌಂಟರ್ ಮೇಲಿದ್ದ ಕ್ಯಾಲ್ಕುಲೇಟರ್ ನನ್ನ ಕಡೆ ಎಳೆದುಕೊಂಡು ಗುಣಿಸಿ ತೋರಿಸಿದೆ. 50 ಕಿಲೋ. ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನು ಅವರ ಮುಂದಿಟ್ಟೆ. ಆ ಹೆಣ್ಣುಮಗಳು ಓದಿದಳು. ಗಾಜಿಗೆ ಆರ್ಡರ್ ಇನ್ನೂ ಕೊಟ್ಟಿಲ್ಲ ಅಲ್ವಾ ಅಂತ ಗಂಡನನ್ನು ಕೇಳಿದಳು. ಇಲ್ಲ ಅಂದರು ಅವರು. ಡಬ್ಬಿಯನ್ನು ಅಲ್ಲೇ ಬಿಟ್ಟು ಇಬ್ಬರೂ ಹೊರಗೆ ಹೋದರು.